ಕೀಲಿಮಣೆ: ಯಾವ ಕೀಲಿಗೆ ಏನು ಕೆಲಸ

ಕೀಲಿಮಣೆಯ ಮೇಲೆ ಒಂದು ಕೀಲಿ ಒತ್ತಿದಾಗ ಕಂಪ್ಯೂಟರಿಗೆ ಹೋಗುವುದು ಒಂದು ಸಂಖ್ಯೆ ಮಾತ್ರ. ಇಂಥ ಸಾಲಿನ ಇಂಥ ಜಾಗದ ಕೀಲಿ ಕೆಳಗಿಳಿಯಿತು ಎಂದು ಆ ಸಂಖ್ಯೆ ತಿಳಿಸುತ್ತದೆ. ಬೆರಳೆತ್ತಿದಾಗ ಕೀಲಿ ಮೇಲೆದ್ದಿತು ಎಂಬ ಇನ್ನೊಂದು ಸುದ್ದಿ ಹೋಗುತ್ತದೆ. ಕೀಲಿಯ ತಲೆಯ ಮೇಲೆ ಯಾವ ಅಕ್ಷರ ಅಚ್ಚಾಗಿದೆ ಎಂಬುದು ಕಂಪ್ಯೂಟರಿಗೆ ಗೊತ್ತೇ ಇರುವುದಿಲ್ಲ. ಬಂದ ಸಂಖ್ಯೆಯನ್ನು ಅಕ್ಷರವೆಂದು ಓದಬೇಕೋ, ಆಜ್ಞೆಯೆಂದು ಓದಬೇಕೋ, ಸುಮ್ಮನೆ ಬಿಡಬೇಕೋ ಎಂದು ತೀರ್ಮಾನಿಸುವುದು ಒಳಗಿರುವ ತಂತ್ರಾಂಶ. ಅಚ್ಚೆಲ್ಲ ಅಳಿಸಿಹೋದ ಹಳೆಯ ಕೀಲಿಮಣೆಯಲ್ಲೂ ಕೈ ಪಳಗಿದ ಆಪರೇಟರ್ ಸರಾಗವಾಗಿ ಟೈಪ್ ಮಾಡುತ್ತಾರೆ. ಇಂಗ್ಲಿಷ್ ಅಕ್ಷರಗಳಷ್ಟೇ ಇರುವ ಕೀಲಿಮಣೆಯಿಂದ ವಿಜಯಪುರ ಜಿಲ್ಲೆಯ ಕಚೇರಿಗಳಲ್ಲಿ ದಿನವಿಡೀ ಕನ್ನಡದ ಉತಾರ, ಪ್ರಮಾಣಪತ್ರ, ನೋಟಿಸುಗಳು ಹೊರಬೀಳುತ್ತವೆ. ಎರಡಕ್ಕೂ ಕಾರಣ ಇದೊಂದೇ.

1981ರಲ್ಲಿ ಐಬಿಎಂ ತಂದ ಮೊದಲ ಪರ್ಸನಲ್ ಕಂಪ್ಯೂಟರಿನಲ್ಲಿ ಇದ್ದದ್ದು 83 ಕೀಲಿಗಳು. ಅದೇ ದಶಕದ ನಡುವಿನಲ್ಲಿ ಅದು 101ಕ್ಕೆ ಏರಿತು. ವಿಂಡೋಸ್ ಕೀಲಿಗಳು ಸೇರಿದ ಮೇಲೆ 104 ಆಯಿತು. ಇಂದು ಮೇಜಿನ ಮೇಲೆ ಕಾಣುವ ದೊಡ್ಡ ಕೀಲಿಮಣೆಗಳು ಹೆಚ್ಚುಕಡಿಮೆ ಈ ಕೊನೆಯ ಲೆಕ್ಕದವೇ. ಇವುಗಳಲ್ಲಿ ಅಕ್ಷರ ಮತ್ತು ಅಂಕಿ ಮೂಡಿಸುವ ಕೀಲಿಗಳು ಅರ್ಧದಷ್ಟು. ಉಳಿದವು ಬೇರೆ ಕೀಲಿಯ ಕೆಲಸ ಬದಲಿಸುತ್ತವೆ, ಕರ್ಸರನ್ನು ಓಡಾಡಿಸುತ್ತವೆ, ಬರೆದದ್ದನ್ನು ಅಳಿಸುತ್ತವೆ, ಇಲ್ಲವೇ ಏನಾದರೊಂದನ್ನು ಶುರು ಮಾಡಿ ನಿಲ್ಲಿಸುತ್ತವೆ.

ಅಕ್ಷರಗಳ ಸಾಲು ಕ್ಯೂ, ಡಬ್ಲ್ಯೂ, ಇ, ಆರ್ ಎಂದು ಶುರುವಾಗುವುದು ಟೈಪ್‌ರೈಟರ್ ಕಾಲದ ಬಳುವಳಿ. ಅಮೆರಿಕದ ಕ್ರಿಸ್ಟೋಫರ್ ಶೋಲ್ಸ್ ರೂಪಿಸಿದ ಯಂತ್ರವನ್ನು ರೆಮಿಂಗ್ಟನ್ ಕಂಪನಿ 1874ರಲ್ಲಿ ಮಾರುಕಟ್ಟೆಗೆ ಬಿಟ್ಟಾಗ ಅದರಲ್ಲಿ ಈ ಜೋಡಣೆಯೇ ಹೆಚ್ಚುಕಡಿಮೆ ಇತ್ತು. ಯಂತ್ರ ಹೋಯಿತು, ಜೋಡಣೆ ಉಳಿಯಿತು. ನಡುಸಾಲಿನ ಎಫ್ ಮತ್ತು ಜೆ ಕೀಲಿಗಳ ಮೇಲೆ ಉಗುರಿಗೆ ಸಿಗುವಷ್ಟು ಸಣ್ಣ ಗೀಟು ಉಬ್ಬಿರುತ್ತದೆ. ಎಡ ತೋರುಬೆರಳು ಎಫ್ ಮೇಲೆ, ಬಲ ತೋರುಬೆರಳು ಜೆ ಮೇಲೆ ಕೂತರೆ ಉಳಿದ ಬೆರಳುಗಳ ಜಾಗ ನೋಡದೆಯೇ ಸಿಗುತ್ತದೆ. ಟೈಪಿಂಗ್ ಶಾಲೆಗಳಲ್ಲಿ ಮೊದಲ ದಿನ ಕಲಿಸುವ ಪಾಠ ಇದು. ಸ್ವಂತ ಕಲಿತವರು ಬಹುತೇಕ ಬಿಟ್ಟುಬಿಡುವ ಪಾಠವೂ ಇದೇ.

ಕನ್ನಡಕ್ಕೆ ಬಂದರೆ ಈ 26 ಅಕ್ಷರಗಳ ಕೀಲಿಗಳು ಮಾಡುವ ಕೆಲಸವೇ ಬೇರೆ. ಫ.ಗು. ಹಳಕಟ್ಟಿಯವರು 1925ರಲ್ಲಿ ಅಂದಿನ ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯ ಶುರು ಮಾಡಿ ವಚನಗಳನ್ನು ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಅಕ್ಷರ, ಕಾಗುಣಿತ, ಒತ್ತು ಎಂದು ನೂರಾರು ಸೀಸದ ಮೊಳೆಗಳನ್ನು ಬೇರೆಬೇರೆ ಖಾನೆಗಳಿಂದ ಹೆಕ್ಕಿ ಜೋಡಿಸಬೇಕಿತ್ತು. ಕನ್ನಡ ಟೈಪ್‌ರೈಟರ್ ಬಂದಾಗ ಆ ನೂರಾರನ್ನು ಹತ್ತಾರು ಕೀಲಿಗಳಿಗೆ ಇಳಿಸಬೇಕಾಯಿತು. ಅಕ್ಷರದ ತುಂಡುಗಳನ್ನು ಒಂದರ ಪಕ್ಕ ಒಂದು, ಒಂದರ ಕೆಳಗೆ ಒಂದು ಹೊಡೆದು ಪೂರ್ತಿ ಮಾಡುವ ಉಪಾಯ ಅದು. ಕಂಪ್ಯೂಟರಿನಲ್ಲಿ ಮತ್ತೊಂದು ಹಾದಿ ತೆರೆಯಿತು. ಅಕ್ಷರದ ಆಕಾರವನ್ನು ಟೈಪ್ ಮಾಡುವ ಬದಲು ಅದರ ಧ್ವನಿಯನ್ನು ಟೈಪ್ ಮಾಡಬಹುದು. ಆಕಾರ ಕಟ್ಟುವ ಕೆಲಸ ತಂತ್ರಾಂಶದ್ದು. ದಕ್ಷಿಣ ಕನ್ನಡದ ಕಿನ್ನಿಕಂಬಳ ಮೂಲದ ಕೆ.ಪಿ. ರಾವ್ ಈ ತತ್ವದ ಮೇಲೆ ರೂಪಿಸಿದ ಕೀಲಿಮಣೆ ವಿನ್ಯಾಸವನ್ನೇ ಕರ್ನಾಟಕ ಸರ್ಕಾರ ಮಾನಕವಾಗಿ ಒಪ್ಪಿತು. ಕನ್ನಡ ಗಣಕ ಪರಿಷತ್ತು ತಯಾರಿಸಿದ ‘ನುಡಿ’ ತಂತ್ರಾಂಶದ ಮೂಲಕ ಅದು ತಾಲೂಕು ಕಚೇರಿಗಳವರೆಗೆ ತಲುಪಿತು.

ಮೂರು ಊರಿನ ಹೆಸರು ಟೈಪ್ ಮಾಡಿದರೆ ಈ ವಿನ್ಯಾಸದ ಮರ್ಮ ಪೂರ್ತಿ ತಿಳಿಯುತ್ತದೆ. ‘ವಿಜಯಪುರ’ ಬರೆಯಲು ವಿ, ಐ, ಜೆ, ವೈ, ಪಿ, ಯು, ಆರ್ ಎಂಬ ಏಳು ಕೀಲಿ ಒತ್ತಿದರೆ ಸಾಕು. ವ್ಯಂಜನದ ಕೀಲಿ ಒತ್ತಿದಾಗ ಅಕಾರ ತಾನೇ ಸೇರಿಕೊಂಡಿರುತ್ತದೆ. ಹಾಗಾಗಿ ಜ, ಯ, ರ ಅಕ್ಷರಗಳಿಗೆ ಒಂದೊಂದೇ ಹೊಡೆತ. ವ್ಯಂಜನದ ಹಿಂದೆಯೇ ಸ್ವರದ ಕೀಲಿ ಬಿದ್ದರೆ ಅದು ಗುಡಿಸಾಗುತ್ತದೆ, ಕೊಂಬಾಗುತ್ತದೆ. ಪದದ ಮೊದಲಿಗೆ ಬಿದ್ದರೆ ಇಡೀ ಸ್ವರಾಕ್ಷರವಾಗುತ್ತದೆ. ‘ತಿಕೋಟಾ’ ಬರೆಯುವಾಗ ಶಿಫ್ಟ್ ಬೇಕಾಗುತ್ತದೆ: ಟಿ, ಐ, ಕೆ, ಶಿಫ್ಟ್ ಹಿಡಿದು ಓ, ಆಮೇಲೆ ಕ್ಯೂ, ಕಡೆಗೆ ಶಿಫ್ಟ್ ಹಿಡಿದು ಎ. ಟಿ ಕೀಲಿ ‘ತ’ಕಾರಕ್ಕೆ ಹೋಗಿರುವುದರಿಂದ ‘ಟ’ಕಾರಕ್ಕೆ ಕನ್ನಡಕ್ಕೆ ಬೇಡವಾದ ಕ್ಯೂ ಸಿಕ್ಕಿದೆ, ‘ಡ’ಕಾರಕ್ಕೆ ಡಬ್ಲ್ಯೂ. ಹ್ರಸ್ವಕ್ಕೆ ಬರಿಯ ಕೀಲಿ, ದೀರ್ಘಕ್ಕೆ ಶಿಫ್ಟ್. ಅಲ್ಪಪ್ರಾಣಕ್ಕೆ ಬರಿಯ ಕೀಲಿ, ಮಹಾಪ್ರಾಣಕ್ಕೆ ಶಿಫ್ಟ್. ಕನ್ನಡದ ವರ್ಣಮಾಲೆಯ ಜೋಡಿಗಳು ಶಿಫ್ಟ್ ಕೀಲಿಗೆ ಇಷ್ಟು ಸಲೀಸಾಗಿ ಹೊಂದಿಕೊಂಡದ್ದು ಇಂಗ್ಲಿಷಿನ ದೊಡ್ಡಕ್ಷರ-ಚಿಕ್ಕಕ್ಷರದ ವ್ಯವಸ್ಥೆಗಿಂತಲೂ ಚೊಕ್ಕವಾಗಿದೆ.

‘ಬಬಲೇಶ್ವರ’ದಲ್ಲಿ ಒತ್ತಕ್ಷರ ಬರುತ್ತದೆ. ಬಿ, ಬಿ, ಎಲ್, ಶಿಫ್ಟ್ ಹಿಡಿದು ಇ, ಶಿಫ್ಟ್ ಹಿಡಿದು ಎಸ್ ಒತ್ತಿದರೆ ‘ಬಬಲೇಶ’ದವರೆಗೆ ಆಯಿತು. ಈಗ ಎಫ್ ಒತ್ತಿದರೆ ‘ಶ’ದ ಅಕಾರ ಬಿದ್ದು ‘ಶ್’ ಉಳಿಯುತ್ತದೆ. ವಿ ಒತ್ತಿದ ಕೂಡಲೇ ‘ವ’ ಕೆಳಗಿಳಿದು ‘ಶ್ವ’ ಆಗುತ್ತದೆ. ಆರ್ ಒತ್ತಿದರೆ ಪದ ಮುಗಿಯಿತು. ಕನ್ನಡದ ಎಲ್ಲ ಒತ್ತುಗಳನ್ನೂ ಈ ಎಫ್ ಒಂದೇ ಕೊಡುತ್ತದೆ. ‘ಕ್ಷ’ ಬೇಕಾದರೆ ಕೆ, ಎಫ್, ಎಕ್ಸ್; ‘ಶ್ರೀ’ ಬೇಕಾದರೆ ಶಿಫ್ಟ್ ಎಸ್, ಎಫ್, ಆರ್, ಶಿಫ್ಟ್ ಐ. ಅರ್ಕಾವೊತ್ತಿನಲ್ಲಿ ಹೊಸಬರು ತಪ್ಪುತ್ತಾರೆ. ‘ಕರ್ನಾಟಕ’ದ ಅರ್ಕಾವೊತ್ತು ಕಾಗದದ ಮೇಲೆ ‘ನಾ’ ಆದ ಮೇಲೆ ಕಾಣುತ್ತದೆ. ಬಾಯಲ್ಲಿ ‘ರ’ ಮೊದಲು ಬರುತ್ತದೆ. ಕೀಲಿ ಬಾಯಿಯ ಕ್ರಮವನ್ನೇ ಕೇಳುವುದರಿಂದ ಕೆ ಆದ ಮೇಲೆ ಆರ್, ಎಫ್, ಎನ್, ಶಿಫ್ಟ್ ಎ ಎಂದೇ ಹೊಡೆಯಬೇಕು. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಗೊತ್ತುಪಡಿಸಿರುವ ಯುನಿಕೋಡ್‌ನಲ್ಲಿ ಕಂಪ್ಯೂಟರ್ ಪದವನ್ನು ಕಾಪಿಡುವುದೂ ಇದೇ ಕ್ರಮದಲ್ಲಿ.

ಎಲ್ಲ ಕಂಪ್ಯೂಟರ್‌ಗಳಲ್ಲೂ ಇದೇ ವಿನ್ಯಾಸ ಇರುವುದಿಲ್ಲ. ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಹೊರತಂದ ‘ಬರಹ’ದಲ್ಲಿ ಇಂಗ್ಲಿಷಿನಲ್ಲಿ ಉಚ್ಚಾರ ಬರೆದಂತೆ ಟೈಪ್ ಮಾಡಬಹುದು, ಅಲ್ಲಿ ಅಕಾರವನ್ನೂ ಒತ್ತಬೇಕು, ಒತ್ತದೆ ಬಿಟ್ಟರೆ ಅದೇ ಒತ್ತಕ್ಷರವಾಗುತ್ತದೆ. ಹಾಗಾಗಿ ‘ವಿಜಯಪುರ’ಕ್ಕೆ ಅಲ್ಲಿ ಹತ್ತು ಹೊಡೆತ. ವಿಂಡೋಸ್ ತನ್ನೊಂದಿಗೇ ತರುವ ಹಳೆಯ ಕನ್ನಡ ಕೀಲಿಮಣೆ ‘ಇನ್‌ಸ್ಕ್ರಿಪ್ಟ್’ ಎಂಬ ಕೇಂದ್ರ ಸರ್ಕಾರದ ಮಾನಕ. ಅದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ. ಭಾರತದ ಬಹುತೇಕ ಲಿಪಿಗಳಿಗೂ ಜಾಗ ಒಂದೇ. ಸೊಲ್ಲಾಪುರದಲ್ಲೋ ಜತ್ತದಲ್ಲೋ ಮರಾಠಿಯನ್ನು ಇನ್‌ಸ್ಕ್ರಿಪ್ಟ್‌ನಲ್ಲಿ ಕಲಿತವರು ಗಡಿಯೀಚೆ ಬಂದು ಕನ್ನಡ ಟೈಪ್ ಮಾಡಲು ಹೊಸದಾಗಿ ಕೀಲಿ ಕಲಿಯಬೇಕಿಲ್ಲ. ಅಂಥವರ ಕೈಯಲ್ಲಿ ಎಫ್ ಕೀಲಿ ಗುಡಿಸು ಕೊಡುತ್ತದೆ, ಒತ್ತಿಗೆ ಡಿ ಕೀಲಿ ಬೇಕು. ಒಂದೇ ಕಚೇರಿಯ ಇಬ್ಬರು ಒಂದೇ ಕಂಪ್ಯೂಟರಿನಲ್ಲಿ ಬೇರೆಬೇರೆ ವಿನ್ಯಾಸ ಬಳಸಿದರೆ ಬೆಳಿಗ್ಗೆ ಕೂತವರ ಕೀಲಿಮಣೆ ಮಧ್ಯಾಹ್ನ ಕೂತವರಿಗೆ ಕೆಟ್ಟುಹೋದಂತೆ ಕಾಣುವುದು ಇದರಿಂದ. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಬಾರ್ ಒತ್ತಿದರೆ ಯಾವ ಭಾಷೆ, ಯಾವ ವಿನ್ಯಾಸ ಚಾಲ್ತಿಯಲ್ಲಿದೆ ಎಂಬ ಪಟ್ಟಿ ತೆರೆಯುತ್ತದೆ. ಕೀಲಿಮಣೆ ರಿಪೇರಿಗೆ ಒಯ್ಯುವ ಮುನ್ನ ನೋಡಬೇಕಾದದ್ದು ಅದನ್ನು.

ಶಿಫ್ಟ್, ಕಂಟ್ರೋಲ್, ಆಲ್ಟ್ ಈ ಮೂರು ಒಂಟಿಯಾಗಿ ಹೆಚ್ಚಿನದೇನೂ ಮಾಡವು. ಹಿಡಿದುಕೊಂಡಿರುವಷ್ಟು ಹೊತ್ತು ಬೇರೆ ಕೀಲಿಯ ಅರ್ಥ ಬದಲಿಸುತ್ತವೆ. ಶಿಫ್ಟ್ ಹಳೆಯದು. 1878ರ ರೆಮಿಂಗ್ಟನ್ ಯಂತ್ರದಲ್ಲಿ ಅದನ್ನು ಒತ್ತಿದರೆ ಕಾಗದ ಹೊತ್ತ ಭಾಗವೇ ಜಾಗ ಬಿಟ್ಟು ಸರಿದು ದೊಡ್ಡಕ್ಷರ ಅಚ್ಚಾಗುತ್ತಿತ್ತು. ಅಕ್ಷರದ ಹೊರಗೂ ಅದಕ್ಕೆ ಕೆಲಸವುಂಟು. ಅಂಕಿಗಳ ಮೇಲಿರುವ ಚಿಹ್ನೆಗಳು ಶಿಫ್ಟ್ ಹಿಡಿದರೆ ಬರುತ್ತವೆ; ಶಿಫ್ಟ್ ಹಿಡಿದು ಬಾಣದ ಕೀಲಿ ಒತ್ತಿದರೆ ಬರೆದದ್ದು ಆಯ್ಕೆಯಾಗುತ್ತ ಹೋಗುತ್ತದೆ. ಕೆಲವೊಮ್ಮೆ ಶಿಫ್ಟ್ ಮೇಲೆ ಬೆರಳಾಡಿಸಿದಾಗ ‘ಸ್ಟಿಕ್ಕಿ ಕೀಸ್’ ಎಂಬ ಪೆಟ್ಟಿಗೆ ತೆರೆಯುತ್ತದೆ. ಐದು ಸಲ ಸತತ ಒತ್ತಿದರೆ ವಿಂಡೋಸ್ ಹಾಗೆ ಕೇಳುತ್ತದೆ. ಒಂದೇ ಕೈಯಲ್ಲಿ ಕೆಲಸ ಮಾಡುವವರಿಗೆ ಎರಡು ಕೀಲಿ ಒಟ್ಟಿಗೆ ಹಿಡಿಯಲಾಗದು. ಅವರಿಗೆ ಒಂದಾದ ಮೇಲೊಂದು ಒತ್ತುವ ಅನುಕೂಲ ಅದು. ಬೇಡದವರು ‘ನೋ’ ಎಂದರೆ ಮುಗಿಯಿತು.

ಕ್ಯಾಪ್ಸ್ ಲಾಕ್ ಒಮ್ಮೆ ಒತ್ತಿದರೆ ಶಿಫ್ಟ್ ಹಿಡಿದೇ ಇಟ್ಟ ಹಾಗೆ. ಆದರೆ ಅಕ್ಷರಗಳಿಗೆ ಮಾತ್ರ, ಅಂಕಿಗಳಿಗೆ ಅನ್ವಯಿಸದು. ಪಾಸ್‌ವರ್ಡ್ ಸರಿಯಿದ್ದೂ ತಪ್ಪೆಂದು ಬಂದಾಗ ಮೊದಲು ಈ ಕೀಲಿಯ ದೀಪ ನೋಡಬೇಕು. ಧ್ವನಿ ಆಧಾರಿತ ಕನ್ನಡ ತಂತ್ರಾಂಶಗಳಲ್ಲಿ ಅದು ಹತ್ತಿಕೊಂಡಿದ್ದರೆ ‘ಕ’ ಹೊಡೆದಲ್ಲಿ ‘ಖ’, ‘ದ’ ಹೊಡೆದಲ್ಲಿ ‘ಧ’ ಬರುವುದುಂಟು. ನಿಜ ಹೇಳಬೇಕೆಂದರೆ ಕನ್ನಡ ಬರೆಯುವವರಿಗೆ ಈ ಕೀಲಿಯಿಂದ ಲಾಭಕ್ಕಿಂತ ತೊಂದರೆಯೇ ಜಾಸ್ತಿ.

ಕಂಟ್ರೋಲ್ ಹಿಡಿದು ಅಕ್ಷರ ಒತ್ತಿದರೆ ಅದು ಆಜ್ಞೆಯಾಗುತ್ತದೆ. ಸಿ ಎಂದರೆ ನಕಲು, ಎಕ್ಸ್ ಎಂದರೆ ಕತ್ತರಿಸು, ವಿ ಎಂದರೆ ಅಂಟಿಸು. ಈ ಕತ್ತರಿಸಿ-ಅಂಟಿಸುವ ಪದ್ಧತಿ 1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಸಂಗಡಿಗರು ರೂಪಿಸಿದ್ದು. ಜೆಡ್ ಹಿಂದಿನ ಹೆಜ್ಜೆಯನ್ನು ರದ್ದು ಮಾಡುತ್ತದೆ, ವೈ ರದ್ದು ಮಾಡಿದ್ದನ್ನು ಮರಳಿ ತರುತ್ತದೆ, ಎಸ್ ಉಳಿಸುತ್ತದೆ, ಪಿ ಪ್ರಿಂಟಿಗೆ ಕಳಿಸುತ್ತದೆ, ಎ ಎಲ್ಲವನ್ನೂ ಆಯ್ದುಕೊಳ್ಳುತ್ತದೆ, ಎಫ್ ಹುಡುಕುತ್ತದೆ. ಕರೆಂಟು ಹೇಳದೆ ಕೇಳದೆ ಹೋಗುವ ಊರುಗಳಲ್ಲಿ ಎರಡು ಸಾಲಿಗೊಮ್ಮೆ ಕಂಟ್ರೋಲ್-ಎಸ್ ಒತ್ತುವ ರೂಢಿ ಬೆಳೆದಿರುತ್ತದೆ. ಅದನ್ನು ಯಾರೂ ಕಲಿಸಬೇಕಿಲ್ಲ.

ಕಂಟ್ರೋಲ್-ಎಚ್ ಹುಡುಕಿ ಬದಲಿಸುವ ಆಜ್ಞೆ. ಅದರ ಬಲವೂ ಅಪಾಯವೂ ವಿಜಯಪುರದವರಿಗೆ ಚೆನ್ನಾಗಿ ಅರ್ಥವಾಗುವಂಥದು. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. ಹಳೆಯ ಕಡತದ ನಮೂನೆ ತೆರೆದು, ಮೇಲಿನ ಖಾನೆಯಲ್ಲಿ ‘ಬಿಜಾಪುರ’, ಕೆಳಗಿನ ಖಾನೆಯಲ್ಲಿ ‘ವಿಜಯಪುರ’ ಎಂದು ಕೊಟ್ಟು ‘ರಿಪ್ಲೇಸ್ ಆಲ್’ ಒತ್ತಿದರೆ ನೂರು ಪುಟ ಕ್ಷಣದಲ್ಲಿ ಹೊಸ ಹೆಸರಿಗೆ ಬರುತ್ತದೆ. ‘ಬಿಜಾಪುರದ’, ‘ಬಿಜಾಪುರಕ್ಕೆ’ ಎಂಬ ರೂಪಗಳೂ ಸರಿಯಾಗುತ್ತವೆ, ಏಕೆಂದರೆ ವಿಭಕ್ತಿ ಪ್ರತ್ಯಯ ಎರಡು ಹೆಸರಿಗೂ ಒಂದೇ. ಆದರೆ ‘ಬಿಜಾಪೂರ’ ಎಂದು ದೀರ್ಘ ಹಾಕಿದ್ದು, ‘ವಿಜಾಪುರ’ ಎಂದು ಬರೆದದ್ದು ಹಾಗೇ ಉಳಿಯುತ್ತವೆ. ಕಂಪ್ಯೂಟರಿಗೆ ಅವು ಬೇರೆಯೇ ಪದಗಳು. ಬದಲಿಸಬಾರದ್ದೂ ಬದಲಾಗುತ್ತದೆ. 1910ರಲ್ಲಿ ಹುಟ್ಟಿದ ಬಿಎಲ್‌ಡಿಇ ಶಿಕ್ಷಣ ಸಂಸ್ಥೆಯ ಹೆಸರಿನ ಮೊದಲ ಅಕ್ಷರ ಬಿಜಾಪುರದ್ದು. ಅದರ ಹೆಸರನ್ನು ಪೂರ್ತಿ ಬರೆದ ಕಡೆಯಲ್ಲೆಲ್ಲ ಊರು ಬದಲಾಗಿ ಸಂಕ್ಷಿಪ್ತ ರೂಪಕ್ಕೆ ತಾಳೆಯಾಗದೆ ನಿಲ್ಲುತ್ತದೆ. ವಿಜಯಪುರ ತಾಲೂಕಿನಿಂದ ತಿಕೋಟಾ, ಬಬಲೇಶ್ವರ ಬೇರೆ ತಾಲೂಕುಗಳಾದ ಮೇಲೆ ನಮೂನೆಗಳಲ್ಲಿ ತಾಲೂಕಿನ ಹೆಸರು ತಿದ್ದುವಾಗಲೂ ಇದೇ ತಾಪತ್ರಯ: ತಾಲೂಕು ಬದಲಾಗಬೇಕು, ಜಿಲ್ಲೆ ಬದಲಾಗಕೂಡದು, ಎರಡಕ್ಕೂ ಹೆಸರು ಒಂದೇ. ಆದ್ದರಿಂದ ‘ಆಲ್’ ಬಿಟ್ಟು ‘ಫೈಂಡ್ ನೆಕ್ಸ್ಟ್’ ಒತ್ತುತ್ತ ಒಂದೊಂದಾಗಿ ನೋಡಿ ಬದಲಿಸುವುದು ಲೇಸು.

ಆಲ್ಟ್ ಕೀಲಿ ಮೆನುಗಳನ್ನು ತೆರೆಯುತ್ತದೆ. ಆಲ್ಟ್ ಹಿಡಿದು ಟ್ಯಾಬ್ ಒತ್ತಿದರೆ ತೆರೆದಿರುವ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹೋಗಬಹುದು. ಆಲ್ಟ್-ಎಫ್4 ತೆರೆದದ್ದನ್ನು ಮುಚ್ಚುತ್ತದೆ. 2010ರ ಜುಲೈನಲ್ಲಿ ಸರ್ಕಾರ ಒಪ್ಪಿದ, ಡಿ. ಉದಯ ಕುಮಾರ್ ರಚಿಸಿದ ರೂಪಾಯಿ ಚಿಹ್ನೆ ‘₹’ ಬೇಕಾದರೆ ಭಾರತೀಯ ಇಂಗ್ಲಿಷ್ ಕೀಲಿಮಣೆ ಆಯ್ದುಕೊಂಡು ಬಲಗಡೆಯ ಆಲ್ಟ್ ಹಿಡಿದು 4 ಒತ್ತಬೇಕು. ಕೀಲಿಯ ಮೇಲೆ ಚಿಹ್ನೆ ಅಚ್ಚಾಗಿರದಿದ್ದರೂ ಬರುತ್ತದೆ. ಅಚ್ಚಾಗಿದ್ದರೂ ಭಾಷೆ ಅಮೆರಿಕನ್ ಇಂಗ್ಲಿಷಿನಲ್ಲಿದ್ದರೆ ಬರುವುದಿಲ್ಲ. ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತುವ ಪ್ರಸಿದ್ಧ ಉಪಾಯ ಐಬಿಎಂ ಎಂಜಿನಿಯರ್ ಡೇವಿಡ್ ಬ್ರ್ಯಾಡ್ಲಿ ಕಂಪ್ಯೂಟರನ್ನು ಮತ್ತೆ ಶುರು ಮಾಡಲು ಇಟ್ಟದ್ದು. ಕೈತಪ್ಪಿ ಒತ್ತಿಹೋಗಬಾರದೆಂದೇ ಒಂದು ಕೈಗೆ ಸಿಗದ ಮೂರು ಕೀಲಿಗಳನ್ನು ಆರಿಸಲಾಯಿತು. ಇಂದಿನ ವಿಂಡೋಸ್‌ನಲ್ಲಿ ಅದು ಲಾಕ್, ಸೈನ್ ಔಟ್, ಟಾಸ್ಕ್ ಮ್ಯಾನೇಜರ್ ಇರುವ ನೀಲಿ ಪರದೆ ತೆರೆಯುತ್ತದೆ.

ವಿಂಡೋಸ್ ಕೀಲಿ ಒಂಟಿಯಾಗಿ ಸ್ಟಾರ್ಟ್ ಮೆನು ತೆರೆಯುತ್ತದೆ. ಅದರೊಂದಿಗೆ ಡಿ ಒತ್ತಿದರೆ ಎಲ್ಲವೂ ಸರಿದು ಡೆಸ್ಕ್‌ಟಾಪ್ ಕಾಣುತ್ತದೆ, ಇ ಒತ್ತಿದರೆ ಫೈಲುಗಳ ಕಿಟಕಿ. ಸರ್ಕಾರಿ ಕಚೇರಿಯಲ್ಲಿರುವವರು ಕಲಿಯಲೇಬೇಕಾದದ್ದು ವಿಂಡೋಸ್-ಎಲ್. ಅದು ಕಂಪ್ಯೂಟರಿಗೆ ಬೀಗ ಹಾಕುತ್ತದೆ. ಚಹಾಕ್ಕೆಂದು ಎದ್ದುಹೋದಾಗ ತೆರೆದೇ ಬಿಟ್ಟ ಲಾಗಿನ್‌ನಿಂದ ಬೇರೆ ಯಾರಾದರೂ ಏನು ಒತ್ತಿದರೂ ದಾಖಲೆಯಲ್ಲಿ ನಿಲ್ಲುವುದು ಕುರ್ಚಿಯ ಒಡೆಯರ ಹೆಸರು.

ಟ್ಯಾಬ್, ಎಂಟರ್, ಸ್ಪೇಸ್ ಬಾರ್ ಇವುಗಳ ಕೆಲಸ ಎಲ್ಲರಿಗೂ ಗೊತ್ತು ಎಂಬ ಭಾವನೆಯಿದೆ, ಆದರೆ ಅತಿಹೆಚ್ಚು ದುರುಪಯೋಗವಾಗುವ ಕೀಲಿಗಳೂ ಇವೇ. ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿಯಲ್ಲಿ ಹೆಸರು, ತಂದೆಯ ಹೆಸರು, ಊರು, ಹೋಬಳಿ ಎಂದು ಖಾನೆಗಳು ಸಾಲಾಗಿರುತ್ತವೆ. ಒಂದು ತುಂಬಿದ ಮೇಲೆ ಟ್ಯಾಬ್ ಒತ್ತಿದರೆ ಮುಂದಿನದಕ್ಕೆ, ಶಿಫ್ಟ್ ಹಿಡಿದು ಟ್ಯಾಬ್ ಒತ್ತಿದರೆ ಹಿಂದಿನದಕ್ಕೆ ಹೋಗಬಹುದು. ಟಿಕ್ ಮಾಡುವ ಚೌಕಕ್ಕೆ ಬಂದಾಗ ಸ್ಪೇಸ್ ಬಾರ್ ಒತ್ತಿದರೆ ಟಿಕ್ ಬೀಳುತ್ತದೆ. ಎಂಟರ್ ಒತ್ತಿದರೆ ಬಹಳ ಕಡೆ ಅರ್ಜಿಯೇ ಸಲ್ಲಿಕೆಯಾಗಿಬಿಡುತ್ತದೆ. ಖಾನೆ ದಾಟಲು ಎಂಟರ್ ಒತ್ತುವ ಅಭ್ಯಾಸದವರು ಅರ್ಧ ತುಂಬಿದ ಅರ್ಜಿ ಕಳಿಸುವುದು ಹೀಗೆ. ಮೌಸ್ ಹಿಡಿದು ಒಂದೊಂದು ಖಾನೆಯನ್ನೂ ಕ್ಲಿಕ್ ಮಾಡುತ್ತ ಹೋಗುವವರಿಗೂ ಟ್ಯಾಬ್ ಹೊಡೆಯುವವರಿಗೂ ಒಂದು ದಿನದ ಕೆಲಸದಲ್ಲಿ ಆಗುವ ವ್ಯತ್ಯಾಸ ಸರತಿಯಲ್ಲಿ ನಿಂತವರಿಗೇ ಕಾಣುತ್ತದೆ.

ಡಿಟಿಪಿ ಅಂಗಡಿಯ ಲಗ್ನಪತ್ರಿಕೆಗಳಲ್ಲಿ ಇನ್ನೊಂದು ರೋಗ ಕಾಣಸಿಗುತ್ತದೆ. ಎಡಗಡೆ ‘ಸ್ಥಳ’, ‘ವೇಳೆ’, ‘ವಾರ’ ಬರೆದು ಬಲಗಡೆಯ ವಿವರಗಳು ಒಂದೇ ನೇರಕ್ಕೆ ಬರಲೆಂದು ಸ್ಪೇಸ್ ಬಾರನ್ನು ಹತ್ತಾರು ಸಲ ಒತ್ತಿರುತ್ತಾರೆ. ಪರದೆಯ ಮೇಲೆ ನೇರ ಕಂಡದ್ದು ಕಾಗದದ ಮೇಲೆ ಹಲ್ಲು ಬಿಟ್ಟುಕೊಂಡು ಬರುತ್ತದೆ, ಏಕೆಂದರೆ ಕನ್ನಡದ ಅಕ್ಷರಗಳ ಅಗಲ ಒಂದೊಂದೂ ಬೇರೆ. ಫಾಂಟ್ ಬದಲಿಸಿದರಂತೂ ಹೇಳುವುದೇ ಬೇಡ. ಟ್ಯಾಬ್ ಕರ್ಸರನ್ನು ಅಳೆದಿಟ್ಟ ಜಾಗಕ್ಕೆ ಒಯ್ದು ನಿಲ್ಲಿಸುವುದರಿಂದ ಹಿಂದಿನ ಪದ ಎಷ್ಟೇ ಅಗಲವಿದ್ದರೂ ಸಾಲು ಕೆಡುವುದಿಲ್ಲ. ಹಾಗೆಯೇ ಹೊಸ ಪುಟ ಬೇಕೆಂದು ಎಂಟರ್ ಮೇಲೆ ಎಂಟರ್ ಹೊಡೆಯುವ ಬದಲು ಕಂಟ್ರೋಲ್ ಹಿಡಿದು ಒಂದೇ ಎಂಟರ್ ಒತ್ತಿದರೆ ವರ್ಡ್‌ನಲ್ಲಿ ಹೊಸ ಪುಟ ಶುರುವಾಗುತ್ತದೆ. ಎಕ್ಸೆಲ್‌ನ ಒಂದೇ ಖಾನೆಯೊಳಗೆ ಎರಡನೇ ಸಾಲು ಬೇಕಾದರೆ ಆಲ್ಟ್ ಹಿಡಿದು ಎಂಟರ್.

ಅಳಿಸುವ ಕೀಲಿಗಳು ಎರಡು. ಬ್ಯಾಕ್‌ಸ್ಪೇಸ್ ಕರ್ಸರಿನ ಹಿಂದಿನದನ್ನು ಅಳಿಸುತ್ತದೆ, ಡಿಲೀಟ್ ಮುಂದಿನದನ್ನು. ಇಂಗ್ಲಿಷಿನಲ್ಲಿ ವ್ಯತ್ಯಾಸ ಅಷ್ಟೇ. ಯುನಿಕೋಡ್ ಕನ್ನಡದಲ್ಲಿ ಇನ್ನೂ ಒಂದಿದೆ. ‘ಶ್ವ’ ಪರದೆಯ ಮೇಲೆ ಒಂದೇ ಅಕ್ಷರವಾಗಿ ಕಂಡರೂ ಒಳಗೆ ‘ಶ’, ವಿರಾಮದ ಗುರುತು, ‘ವ’ ಎಂದು ಮೂರು ಬಿಡಿ ಸಂಕೇತಗಳಾಗಿ ಕೂತಿರುತ್ತದೆ. ವರ್ಡ್‌ನಂಥ ತಂತ್ರಾಂಶದಲ್ಲಿ ಅದರ ಮುಂದೆ ನಿಂತು ಬ್ಯಾಕ್‌ಸ್ಪೇಸ್ ಒತ್ತಿದರೆ ‘ವ’ ಮಾತ್ರ ಹೋಗಿ ‘ಶ್’ ಉಳಿಯುತ್ತದೆ. ಮತ್ತೊಮ್ಮೆ ಒತ್ತಿದರೆ ಅರ್ಧಾಕ್ಷರ ತುಂಬಿ ‘ಶ’ ಆಗುತ್ತದೆ. ಮೂರನೆಯದಕ್ಕೆ ಅದೂ ಹೋಗುತ್ತದೆ. ಅದೇ ಅಕ್ಷರದ ಹಿಂದೆ ನಿಂತು ಡಿಲೀಟ್ ಒತ್ತಿದರೆ ‘ಶ್ವ’ ಇಡಿಯಾಗಿ ಹೋಗುತ್ತದೆ. ಆದ್ದರಿಂದ ಒತ್ತು ತಪ್ಪಿದ್ದರೆ, ದೀರ್ಘ ತಪ್ಪಿದ್ದರೆ ಬ್ಯಾಕ್‌ಸ್ಪೇಸ್ ಒಳ್ಳೆಯದು. ತಪ್ಪಿದ ತುಣುಕಷ್ಟನ್ನೇ ತಿದ್ದಬಹುದು. ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಅಕ್ಷರದ ಆಕಾರದ ತುಂಡುಗಳೇ ಸಾಲಾಗಿರುವುದರಿಂದ ಬ್ಯಾಕ್‌ಸ್ಪೇಸ್‌ಗೆ ಒತ್ತೋ ಕೊಂಬೋ ಕಳಚಿ ಬೀಳುತ್ತದೆ, ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಡೀ ಪತ್ರ ಅರ್ಥವಾಗದ ಗುರುತುಗಳ ಸಾಲಾಗುತ್ತದೆ.

ಬಾಣದ ಕೀಲಿಗಳು ಕರ್ಸರನ್ನು ಒಂದೊಂದು ಹೆಜ್ಜೆ ಸರಿಸುತ್ತವೆ. ಕಂಟ್ರೋಲ್ ಹಿಡಿದರೆ ಒಂದೊಂದು ಪದ. ಹೋಮ್ ಸಾಲಿನ ಮೊದಲಿಗೆ, ಎಂಡ್ ಸಾಲಿನ ಕೊನೆಗೆ. ಕಂಟ್ರೋಲ್ ಸೇರಿದರೆ ಇಡೀ ಕಡತದ ಮೊದಲಿಗೆ ಮತ್ತು ಕೊನೆಗೆ. ಪೇಜ್ ಅಪ್, ಪೇಜ್ ಡೌನ್ ಒಂದು ಪರದೆಯಷ್ಟು ಮೇಲೆ ಕೆಳಗೆ ಒಯ್ಯುತ್ತವೆ. ಮತದಾರರ ಪಟ್ಟಿಯಂಥ ಉದ್ದನೆಯ ಎಕ್ಸೆಲ್ ಹಾಳೆಯಲ್ಲಿ ಕಂಟ್ರೋಲ್ ಹಿಡಿದು ಕೆಳಬಾಣ ಒತ್ತಿದರೆ ತುಂಬಿದ ಸಾಲುಗಳ ಕೊನೆಗೆ ಒಂದೇ ನೆಗೆತ. ನಡುವೆ ಖಾಲಿ ಖಾನೆ ಇದ್ದರೆ ಅಲ್ಲೇ ನಿಲ್ಲುತ್ತದೆ, ಹಾಗಾಗಿ ಬಿಟ್ಟುಹೋದ ಖಾನೆ ಹುಡುಕಲೂ ಇದು ಒದಗುತ್ತದೆ. ಇನ್‌ಸರ್ಟ್ ಕೀಲಿಯ ಉಪಯೋಗ ಇಂದು ಕಡಿಮೆ. ಕೆಲವು ತಂತ್ರಾಂಶಗಳಲ್ಲಿ ಅದು ಒತ್ತಿಹೋದರೆ ಹೊಸದಾಗಿ ಬರೆದದ್ದು ಮುಂದಿನ ಅಕ್ಷರಗಳನ್ನು ನುಂಗುತ್ತ ಹೋಗುತ್ತದೆ; ಮತ್ತೊಮ್ಮೆ ಒತ್ತಿದರೆ ಸರಿಯಾಗುತ್ತದೆ.

ಬಲತುದಿಯ ಅಂಕಿಗಳ ಗುಂಪು ಲೆಕ್ಕದವರಿಗಾಗಿ ಇರುವುದು. ನಮ್ ಲಾಕ್ ದೀಪ ಹತ್ತಿದ್ದರೆ ಅವು ಅಂಕಿ. ಆರಿದ್ದರೆ ಬಾಣ, ಹೋಮ್, ಎಂಡ್. 5ರ ಮೇಲೂ ಎಫ್, ಜೆಗಳಂತೆ ಉಬ್ಬು ಗುರುತಿರುತ್ತದೆ, ನಡುಬೆರಳು ಅಲ್ಲಿ ಕೂತರೆ ಕಣ್ಣು ಚೀಟಿಯ ಮೇಲೇ ಇರಬಹುದು. ತಿಕೋಟಾ ಭಾಗದ ಒಣದ್ರಾಕ್ಷಿಯ ತೂಕ, ದರ, ಹಮಾಲಿ ಎಂದು ಸಾಲುಸಾಲು ಅಂಕಿ ಹೊಡೆಯುವ ಅಡತಿ ಅಂಗಡಿಯ ಗುಮಾಸ್ತರಿಗೆ ಈ ಗುಂಪಿಲ್ಲದ ಲ್ಯಾಪ್‌ಟಾಪ್ ಕೊಟ್ಟರೆ ಕೈ ಕಟ್ಟಿದಂತಾಗುತ್ತದೆ.

ಮೇಲಿನ ಸಾಲಿನ ಎಫ್1ರಿಂದ ಎಫ್12ರವರೆಗಿನ ಕೀಲಿಗಳಿಗೆ ಸ್ಥಿರವಾದ ಅರ್ಥವಿಲ್ಲ. ಎದುರಿಗಿರುವ ತಂತ್ರಾಂಶ ಹೇಳಿದ್ದೇ ಅರ್ಥ. ರೂಢಿಯಲ್ಲಿ ಎಫ್1 ಸಹಾಯ, ಎಫ್2 ಫೈಲಿನ ಹೆಸರು ಬದಲಿಸಲು ಅಥವಾ ಎಕ್ಸೆಲ್ ಖಾನೆಯೊಳಗೆ ತಿದ್ದಲು, ಎಫ್5 ಪುಟವನ್ನು ಹೊಸದಾಗಿ ತರಿಸಲು, ಎಫ್11 ಪುಟವನ್ನು ಪರದೆ ತುಂಬಿಸಲು, ವರ್ಡ್‌ನಲ್ಲಿ ಎಫ್12 ಬೇರೆ ಹೆಸರಲ್ಲಿ ಉಳಿಸಲು. ಶುಲ್ಕ ಕಟ್ಟುತ್ತಿರುವ ಪುಟದ ಮೇಲೆ ಮಾತ್ರ ಎಫ್5 ಒತ್ತಕೂಡದು. ವ್ಯವಹಾರ ಎರಡು ಸಲ ಹೋಗುವ ಸಂಭವವಿದೆ. ಬೆಂಗಳೂರಿನಲ್ಲಿ ಹುಟ್ಟಿ ದೇಶದ ಅಂಗಡಿ ಲೆಕ್ಕವನ್ನೆಲ್ಲ ಹಿಡಿದ ಟ್ಯಾಲಿ ತಂತ್ರಾಂಶದಲ್ಲಿ ಇದೇ ಸಾಲು ಬೇರೆ ಭಾಷೆ ಆಡುತ್ತದೆ: ಎಫ್5 ಪಾವತಿ, ಎಫ್6 ಜಮೆ, ಎಫ್7 ಜರ್ನಲ್, ಎಫ್8 ಮಾರಾಟ, ಎಫ್9 ಖರೀದಿ. ಇಡೀ ದಿನ ಟ್ಯಾಲಿಯಲ್ಲಿ ಕೂತವರು ಮೌಸ್ ಮುಟ್ಟುವುದೇ ಇಲ್ಲ. ಲ್ಯಾಪ್‌ಟಾಪುಗಳಲ್ಲಿ ಈ ಕೀಲಿಗಳಿಗೆ ಬೆಳಕು, ಧ್ವನಿ ಏರಿಳಿಸುವ ಕೆಲಸವನ್ನೂ ಕಟ್ಟಿರುತ್ತಾರೆ. ಅಲ್ಲಿ ಎಫ್5 ಎಂದರೆ ಎಫ್5 ಆಗಬೇಕಾದರೆ ಕೆಳ ಎಡಮೂಲೆಯ ಎಫ್ಎನ್ ಕೀಲಿ ಹಿಡಿದು ಒತ್ತಬೇಕಾದೀತು.

ಎಡ ಮೇಲ್ಮೂಲೆಯ ಎಸ್ಕೇಪ್ ಶುರುವಾದದ್ದನ್ನು ಕೈಬಿಡುವ ಕೀಲಿ. ಐಬಿಎಂನ ಬಾಬ್ ಬೀಮರ್ 1960ರಲ್ಲಿ ಇದನ್ನು ಸೂಚಿಸಿದ್ದು ಒಂದು ಸಂಕೇತ ಪದ್ಧತಿಯಿಂದ ಇನ್ನೊಂದಕ್ಕೆ ದಾಟಲು. ಇಂದು ತೆರೆದ ಪೆಟ್ಟಿಗೆ ಮುಚ್ಚಲು, ತುಂಬಿದ ಪರದೆಯಿಂದ ಹೊರಬರಲು, ಎಕ್ಸೆಲ್ ಖಾನೆಯಲ್ಲಿ ತಪ್ಪು ಬರೆದದ್ದನ್ನು ಎಂಟರ್ ಒತ್ತುವ ಮೊದಲೇ ಬಿಡಲು ಬಳಕೆಯಾಗುತ್ತದೆ. ಪ್ರಿಂಟ್ ಸ್ಕ್ರೀನ್ ಪರದೆಯ ಚಿತ್ರ ತೆಗೆಯುತ್ತದೆ, ಹೆಸರಿನಲ್ಲಿರುವಂತೆ ಪ್ರಿಂಟಿಗೇನೂ ಕಳಿಸುವುದಿಲ್ಲ. ವಿಂಡೋಸ್ ಕೀಲಿ ಹಿಡಿದು ಅದನ್ನು ಒತ್ತಿದರೆ ಚಿತ್ರ ‘ಪಿಕ್ಚರ್ಸ್’ನೊಳಗಿನ ‘ಸ್ಕ್ರೀನ್‌ಶಾಟ್ಸ್’ ಫೋಲ್ಡರಿನಲ್ಲಿ ಉಳಿಯುತ್ತದೆ. ವಿಂಡೋಸ್, ಶಿಫ್ಟ್, ಎಸ್ ಒಟ್ಟಿಗೆ ಒತ್ತಿದರೆ ಬೇಕಾದಷ್ಟೇ ಭಾಗ ಆಯ್ದುಕೊಳ್ಳಬಹುದು. ಆನ್‌ಲೈನ್ ಅರ್ಜಿಯ ಸ್ವೀಕೃತಿ ಸಂಖ್ಯೆ ಪರದೆಯ ಮೇಲೆ ಬಂದ ಹೊತ್ತಿಗೆ ಪ್ರಿಂಟರ್ ಕೈಕೊಟ್ಟರೆ ಆಗುವ ಆಪದ್ಬಾಂಧವ ಇದೇ. ಪಾಜ್ ಕೀಲಿಗೆ ಇಂದು ಹೇಳಿಕೊಳ್ಳುವ ಕೆಲಸವಿಲ್ಲ.

ಉಳಿದದ್ದು ಸ್ಕ್ರಾಲ್ ಲಾಕ್. ಜಗತ್ತಿನ ಬಹಳಷ್ಟು ಜನ ಅದನ್ನು ಎಂದೂ ಮುಟ್ಟುವುದಿಲ್ಲ, ಕೀಲಿಮಣೆ ತಯಾರಕರು ಹಲವರು ಅದನ್ನು ತೆಗೆದೇ ಹಾಕಿದ್ದಾರೆ. ಆದರೆ ‘ನುಡಿ’ಯಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ದಾಟಿಸುವ ಕೀಲಿ ಇದು. ಬೇರೆಡೆ ಧೂಳು ಹಿಡಿದು ಕೂತ ಸ್ಕ್ರಾಲ್ ಲಾಕ್, ಕರ್ನಾಟಕದ ಕಚೇರಿಗಳಲ್ಲಿ ಸವೆದುಹೋಗಿರುತ್ತದೆ. ಇದರಿಂದ ಒಂದು ಪೇಚೂ ಉಂಟು. ಎಕ್ಸೆಲ್‌ನಲ್ಲಿ ಸ್ಕ್ರಾಲ್ ಲಾಕ್ ಹತ್ತಿದ್ದರೆ ಬಾಣದ ಕೀಲಿ ಒತ್ತಿದಾಗ ಆಯ್ದ ಖಾನೆ ಅಲ್ಲೇ ನಿಂತು ಹಾಳೆ ಮಾತ್ರ ಸರಿಯುತ್ತದೆ. ಕನ್ನಡದಲ್ಲಿ ಹೆಸರುಗಳನ್ನು ತುಂಬುತ್ತಿರುವವರಿಗೆ ಕಂಪ್ಯೂಟರ್ ಕೆಟ್ಟಿತೆಂದು ಅನಿಸುವುದು ಸಹಜ. ಮುಂದಿನ ಖಾನೆಗೆ ಹೋಗಲು ಬಾಣ ಬಿಟ್ಟು ಟ್ಯಾಬ್ ಅಥವಾ ಎಂಟರ್ ಬಳಸಿದರೆ ತೊಂದರೆಯಿಲ್ಲ. ಸ್ಕ್ರಾಲ್ ಲಾಕ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಕಂಟ್ರೋಲ್, ಓ ಮೂರನ್ನೂ ಒಟ್ಟಿಗೆ ಒತ್ತಿದರೆ ಪರದೆಯ ಮೇಲೆ ಕೀಲಿಮಣೆಯ ಚಿತ್ರ ತೆರೆದುಕೊಳ್ಳುತ್ತದೆ. ಅದರ ಬಲಬದಿಯಲ್ಲಿರುವ ಸ್ಕ್ರಾಲ್ ಲಾಕ್ ಗುಂಡಿಯನ್ನು ಮೌಸ್‌ನಿಂದ ಒತ್ತಿದರೂ ಅದೇ ಸಂಕೇತ ಹೋಗುತ್ತದೆ. ಅದೂ ಬೇಡವಾದರೆ ಹೊರಗಿನಿಂದ ದೊಡ್ಡ ಕೀಲಿಮಣೆಯೊಂದನ್ನು ಯುಎಸ್‌ಬಿ ತೂತಿಗೆ ಸಿಕ್ಕಿಸಿಕೊಂಡರಾಯಿತು.